ಕಡಲತೀರ ಯಾರ ರಸ್ತೆ?

1995ರಲ್ಲಿ ಅಮೆರಿಕದ ಫ್ಲೋರಿಡಾ ರಾಜ್ಯದ ಫೆಡರಲ್ ನ್ಯಾಯಾಲಯವೊಂದರಲ್ಲಿ ದಾಖಲಾದ ದಾವೆಯ ಮೊದಲ ವಾದಿ ಒಂದು ಕಡಲಾಮೆ. ಎರಡನೆಯ ವಾದಿಯೂ ಆಮೆಯೇ. ಮೊದಲನೆಯದು ಲಾಗರ್‌ಹೆಡ್ ಜಾತಿಯದು, ಎರಡನೆಯದು ಹಸಿರಾಮೆ. ಜೊತೆಗೆ ಆ ಊರಿನ ಇಬ್ಬರು ಮಹಿಳೆಯರಿದ್ದರು. ಪ್ರತಿವಾದಿ ವೊಲೂಷಿಯಾ ಕೌಂಟಿಯ ಆಡಳಿತ ಮಂಡಳಿ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಂತೆ. ಡೇಟೋನಾ ಕಡಲತೀರದ ಮರಳಿನ ಮೇಲೆ ರಾತ್ರಿ ಹೊತ್ತು ಕಾರು ಓಡಿಸಲು ಆಡಳಿತ ಬಿಟ್ಟಿದೆ, ಇದರಿಂದ ಮೊಟ್ಟೆಯಿಡಲು ಬರುವ ಆಮೆಗಳೂ ಅವುಗಳ ಮರಿಗಳೂ ಸಾಯುತ್ತಿವೆ ಎಂಬುದು ದೂರು. ದೇವರ ಹೆಸರಿನಲ್ಲಿ ದಾವೆ ನಡೆಯುವುದನ್ನು ಕಂಡ ನಮಗೆ ಇದು ತೀರಾ ವಿಚಿತ್ರ ಎನಿಸಲಾರದು. ನ್ಯಾಯಾಧೀಶರಿಗೂ ಎನಿಸಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ, ಗೂಡು ಮಾಡುವ ಕಾಲದಲ್ಲಿ ರಾತ್ರಿಯ ವಾಹನ ಸಂಚಾರಕ್ಕೆ ತಡೆಯಾಜ್ಞೆ ಬಂತು. ಮರಳದಿಬ್ಬಗಳ ಬುಡದ ಒಂದು ಪಟ್ಟಿಯಲ್ಲಿ ಹಗಲೂ ವಾಹನ ಕೂಡದು ಎಂದಾಯಿತು.

ಅಲ್ಲಿ ಕಾರು ಮರಳಿಗೆ ಇಳಿದದ್ದಾದರೂ ಏಕೆ? ಡೇಟೋನಾದ ಮರಳು ಬಹಳ ನುಣುಪು, ತೀರದ ಇಳಿಜಾರು ಬಹಳ ಕಡಿಮೆ. ಇಳಿತದ ಹೊತ್ತಿನಲ್ಲಿ ಅಗಲವಾದ, ಗಟ್ಟಿಯಾದ ನೆಲ ತೆರೆದುಕೊಳ್ಳುತ್ತದೆ. ಕೇರಳದ ಕಣ್ಣೂರಿನ ಬಳಿ ಮುಳಪ್ಪಿಲಂಗಾಡ್ ತೀರದಲ್ಲಿ ಕಾರು ಓಡಿಸಿದವರಿಗೆ ಇಂಥ ಮರಳಿನ ಪರಿಚಯ ಇರುತ್ತದೆ. 1903ರಿಂದಲೇ ಡೇಟೋನಾ ಮತ್ತು ಪಕ್ಕದ ಆರ್ಮಂಡ್ ತೀರಗಳಲ್ಲಿ ಮೋಟಾರು ಪಂದ್ಯಗಳು ನಡೆದವು. ನೆಲದ ಮೇಲಿನ ವೇಗದ ವಿಶ್ವದಾಖಲೆಗಳು ಒಂದರ ಹಿಂದೊಂದು ಅಲ್ಲೇ ಆದವು. 1935ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಮಾಲ್ಕಮ್ ಕ್ಯಾಂಬೆಲ್ ಆ ಮರಳಿನ ಮೇಲೆ ಗಂಟೆಗೆ 276 ಮೈಲಿಗೂ ಮೀರಿದ ವೇಗದಲ್ಲಿ, ಎಂದರೆ ಸುಮಾರು 445 ಕಿಲೋಮೀಟರ್ ವೇಗದಲ್ಲಿ ಓಡಿಸಿದ. ಆಮೇಲೆ ವೇಗದ ಹುಚ್ಚಿನವರು ಯೂಟಾ ರಾಜ್ಯದ ಉಪ್ಪಿನ ಬಯಲಿಗೆ ಹೋದರು. ಸಾಮಾನ್ಯ ಕಾರುಗಳ ಪಂದ್ಯ ಮಾತ್ರ 1958ರವರೆಗೂ ತೀರದಲ್ಲಿ ನಡೆದು, 1959ರಲ್ಲಿ ಹೊಸದಾಗಿ ಕಟ್ಟಿದ ಓಟದ ಮೈದಾನಕ್ಕೆ ಸ್ಥಳಾಂತರವಾಯಿತು. ಪಂದ್ಯ ಹೋದರೂ ಕಾರು ಹೋಗಲಿಲ್ಲ. ಸಂಸಾರ ಸಮೇತ ಬಂದು ನೀರಿನ ಪಕ್ಕದಲ್ಲೇ ಗಾಡಿ ನಿಲ್ಲಿಸುವುದು ಆ ಊರಿನ ಪದ್ಧತಿಯಾಗಿ ಉಳಿಯಿತು. ಕ್ಯಾಂಬೆಲ್ ಓಡಿಸಿದ ಅದೇ ಮರಳಿನಲ್ಲಿ ಈಗಿನ ವೇಗಮಿತಿ ಗಂಟೆಗೆ 10 ಮೈಲಿ.

ಪಶ್ಚಿಮ ತೀರದ ಆರಿಗನ್ ರಾಜ್ಯದ ಕಥೆಯೇ ಬೇರೆ. ಅಲ್ಲಿ ಗವರ್ನರ್ ಆಗಿದ್ದ ಆಸ್ವಾಲ್ಡ್ ವೆಸ್ಟ್, ಕಡಲತೀರದ ಜಮೀನು ಒಂದೊಂದಾಗಿ ಖಾಸಗಿಯವರ ಕೈಸೇರುವುದನ್ನು ಕಂಡು ಒಂದು ಉಪಾಯ ಹೂಡಿದರು. ತೀರವನ್ನು ಉಳಿಸಬೇಕು ಎಂದರೆ ಶಾಸನಸಭೆ ಕಿವಿಗೊಡುವ ಕಾಲ ಅದಲ್ಲ. ರಸ್ತೆ ಬೇಕು ಎಂದರೆ ಯಾರೂ ಬೇಡ ಎನ್ನುವುದಿಲ್ಲ. 1913ರಲ್ಲಿ ಭರತ ಇಳಿತಗಳ ನಡುವಿನ ಇಡೀ ಮರಳಪಟ್ಟಿಯನ್ನು ಸಾರ್ವಜನಿಕ ಹೆದ್ದಾರಿ ಎಂದು ಘೋಷಿಸುವ ಕಾನೂನು ಬಂತು. ಹೆದ್ದಾರಿಗೆ ಬೇಲಿ ಹಾಕುವ ಹಾಗಿಲ್ಲವಲ್ಲ! ತೀರ ಎಲ್ಲರದಾಗಿ ಉಳಿದದ್ದು ಹೀಗೆ, ರಸ್ತೆಯ ವೇಷದಲ್ಲಿ. 1967ರ ಇನ್ನೊಂದು ಕಾನೂನು ಒಣ ಮರಳಿನ ಮೇಲೂ ಜನರ ಹಕ್ಕನ್ನು ಸ್ಥಾಪಿಸಿತು. ವಾಹನವನ್ನು ಕಂಡರೆ ಈಗ ಮುಖ ಸಿಂಡರಿಸುವ ಪರಿಸರಪ್ರಿಯರು ಈ ಹಳೆಯ ಉಪಕಾರವನ್ನು ನೆನೆಯುವುದು ಕಡಿಮೆ.

ಆದರೆ ವಾಹನ ಮತ್ತು ತೀರದ ಜಗಳ ಎಲ್ಲಕ್ಕಿಂತ ಉದ್ದವಾಗಿ, ಕಹಿಯಾಗಿ ನಡೆದದ್ದು ಪೂರ್ವ ತೀರದ ನಾರ್ತ್ ಕ್ಯಾರೊಲಿನಾ ರಾಜ್ಯದ ಹ್ಯಾಟರಸ್ ಭೂಶಿರದ ಸುತ್ತ. ಇಲ್ಲಿ ಮುಖ್ಯ ನೆಲದಿಂದ ದೂರಕ್ಕೆ, ನಡುವೆ ಅಗಲವಾದ ಹಿನ್ನೀರನ್ನು ಬಿಟ್ಟು, ದಾರದಂತೆ ತೆಳ್ಳಗಿನ ಮರಳಿನ ದ್ವೀಪಗಳು ಸಾಲಾಗಿ ಮಲಗಿವೆ. ಕೆಲವು ಕಡೆ ಒಂದು ದಂಡೆಯಲ್ಲಿ ನಿಂತವನಿಗೆ ಇನ್ನೊಂದು ದಂಡೆ ಕಾಣುತ್ತದೆ. ಈ ದ್ವೀಪಗಳ ಮೇಲೆ ರೊಡಾಂಥೆ, ಏವನ್, ಬಕ್ಸ್‌ಟನ್, ಹ್ಯಾಟರಸ್, ಓಕ್ರಕೋಕ್ ಮುಂತಾದ ಸಣ್ಣ ಹಳ್ಳಿಗಳಿವೆ. ಮೀನು ಹಿಡಿಯುವುದು, ಒಡೆದ ಹಡಗುಗಳ ಜನರನ್ನು ಬದುಕಿಸುವ ಸರ್ಕಾರಿ ಠಾಣೆಗಳಲ್ಲಿ ದುಡಿಯುವುದು, ಇಷ್ಟೇ ಹಿಂದಿನವರ ಜೀವನೋಪಾಯ. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಹಳ್ಳಿಯಿಂದ ಹಳ್ಳಿಗೆ ಟಾರು ರಸ್ತೆ ಇರಲಿಲ್ಲ. ಮೋಟಾರು ಬಂದಾಗ ಜನ ಚಕ್ರದ ಗಾಳಿ ಇಳಿಸಿ, ಇಳಿತದ ಹೊತ್ತು ನೋಡಿಕೊಂಡು, ಅಲೆ ಒದ್ದೆ ಮಾಡಿದ ಮರಳಿನ ಮೇಲೆ ಓಡಿಸಿದರು. 1938ರಿಂದ ಹ್ಯಾಟರಸ್‌ಗೆ ಹೋಗುತ್ತಿದ್ದ ಬಸ್ಸಿಗೂ ಅದೇ ಮಾರ್ಗ. ಗಾಳಿ ಇಳಿಸಿದ ಚಕ್ರ ಅಗಲವಾಗಿ ಹರಡಿಕೊಂಡು ಭಾರವನ್ನು ಹಂಚುತ್ತದೆ. ಗಟ್ಟಿಯಾಗಿ ಗಾಳಿ ತುಂಬಿದ ಚಕ್ರ ಚಾಕುವಿನಂತೆ ಮರಳಿಗೆ ಇಳಿಯುತ್ತದೆ. ವೈದ್ಯರನ್ನು ಕರೆತರಲು, ಅಂಚೆ ತರಲು ಈ ವಿದ್ಯೆ ಎಲ್ಲರಿಗೂ ಬೇಕಾಗಿತ್ತು. ಅಂದರೆ, ಇಲ್ಲಿ ತೀರವು ರಸ್ತೆಯ ವೇಷ ಹಾಕಿರಲಿಲ್ಲ. ನಿಜವಾಗಿಯೂ ಅದೇ ರಸ್ತೆಯಾಗಿತ್ತು.

1937ರಲ್ಲಿ ಅಮೆರಿಕದ ಸಂಸತ್ತು ಈ ದ್ವೀಪಗಳಲ್ಲಿ ಹಳ್ಳಿಗಳನ್ನು ಬಿಟ್ಟು ಉಳಿದ ಭಾಗವನ್ನು ದೇಶದ ಮೊದಲ ರಾಷ್ಟ್ರೀಯ ಕಡಲತೀರವನ್ನಾಗಿ ಮಾಡಲು ಒಪ್ಪಿತು. 1953ರಲ್ಲಿ ಅದು ಸ್ಥಾಪನೆಯಾಯಿತು. ಹಳ್ಳಿಗರು ಮೀನು ಹಿಡಿದು ಬದುಕುವ ಹಕ್ಕನ್ನು ಕಾನೂನಿನಲ್ಲೇ ಬರೆಯಲಾಯಿತು. ಈಜು, ದೋಣಿ, ಗಾಳ ಹಾಕುವ ವಿನೋದ ಇವಕ್ಕೆ ಬೇಕಾದ ಜಾಗ ಬಿಟ್ಟು ಮಿಕ್ಕದ್ದು ಕಾಡುಸ್ಥಿತಿಯಲ್ಲೇ ಇರಬೇಕು ಎಂದೂ ಬರೆಯಲಾಯಿತು. ಎರಡೂ ಮಾತು ಒಂದೇ ಕಾನೂನಿನಲ್ಲಿ! 1952ರಲ್ಲಿ, ಜನರ ಆತಂಕ ತಣಿಸಲು, ನ್ಯಾಷನಲ್ ಪಾರ್ಕ್ ಸರ್ವಿಸ್‌ನ ನಿರ್ದೇಶಕ ಕಾನ್ರಾಡ್ ವರ್ತ್ ಸ್ಥಳೀಯ ಪತ್ರಿಕೆಯಲ್ಲಿ ಬಹಿರಂಗ ಪತ್ರ ಪ್ರಕಟಿಸಿದರು. ತೀರಕ್ಕೆ ಹೋಗುವ ಹಕ್ಕು ಎಲ್ಲರಿಗೂ ಎಂದೆಂದಿಗೂ ಇರುತ್ತದೆ ಎಂದು ಅದರಲ್ಲಿ ಭರವಸೆ ಇತ್ತು. ವಾಹನಗಳು ಎಲ್ಲಿಂದ ತೀರಕ್ಕೆ ಇಳಿಯಬೇಕು ಎಂಬುದಕ್ಕೆ ಕೆಲವು ಕಟ್ಟಳೆ ಬೇಕಾಗುತ್ತವೆ ಎಂಬ ಮಾತೂ ಇತ್ತು. ಅರ್ಧ ಶತಮಾನದ ಮೇಲೆ ಜಗಳವಾದಾಗ ಹಳ್ಳಿಗರು ಮೊದಲ ವಾಕ್ಯವನ್ನು ಹಿಡಿದುಕೊಂಡರು, ಎದುರಾಳಿಗಳು ಎರಡನೆಯದನ್ನು.

1950ರ ದಶಕದಲ್ಲಿ ಟಾರು ರಸ್ತೆ ಬಂತು, 1963ರಲ್ಲಿ ದೊಡ್ಡ ಸೇತುವೆ ಬಂತು. ರಸ್ತೆ ಬಂದ ಮೇಲೆ ಮರಳಿನ ಮೇಲೆ ಓಡಿಸುವ ಅಗತ್ಯ ತೀರಿತು. ಓಡಿಸುವ ಆಸೆ ಮಾತ್ರ ಬೆಳೆಯಿತು. ಯುದ್ಧಾನಂತರದ ಜೀಪುಗಳು, ನಾಲ್ಕೂ ಚಕ್ರಕ್ಕೆ ಎಂಜಿನ್ ಬಲವಿರುವ ದೊಡ್ಡ ಗಾಡಿಗಳು ಸಾಮಾನ್ಯರ ಕೈಗೆ ಬಂದವು. ಉದ್ದದ ಗಾಳದ ಕೋಲುಗಳನ್ನು ಗಾಡಿಯ ಮುಂದೆ ನಿಲ್ಲಿಸಿಕೊಂಡು ದೂರದ ಊರುಗಳಿಂದ ಜನ ಬರತೊಡಗಿದರು. ಎರಡು ಸಾಗರ ಪ್ರವಾಹಗಳು ಸಂಧಿಸುವ ಆ ಭೂಶಿರದಲ್ಲಿ ಮೀನು ಹೇರಳ. 1984ರ ನವೆಂಬರ್‌ನಲ್ಲಿ ಏವನ್ ಹಳ್ಳಿಯಲ್ಲಿ ಗಾಳಕ್ಕೆ ಸಿಕ್ಕ ರೆಡ್ ಡ್ರಮ್ ಮೀನು 94 ಪೌಂಡಿಗೂ ಹೆಚ್ಚು ತೂಗಿ ವಿಶ್ವದಾಖಲೆ ಮಾಡಿತು. ಗಾಳದ ಅಂಗಡಿ, ಲಾಡ್ಜು, ಹೋಟೆಲು ಎಲ್ಲವೂ ಈ ಗಾಡಿಗಳನ್ನೇ ನಂಬಿ ಎದ್ದವು.

ಇದು ಒಂದೇ ತೀರದ ಮಾತಲ್ಲ. ಮರುಭೂಮಿ, ಕಾಡು, ಬೆಟ್ಟ ಎಲ್ಲೆಡೆ ರಸ್ತೆ ಬಿಟ್ಟು ಓಡುವ ಗಾಡಿಗಳ ಹಾವಳಿ ಕಂಡು, 1972ರ ಫೆಬ್ರವರಿಯಲ್ಲಿ ಅಧ್ಯಕ್ಷ ನಿಕ್ಸನ್ ಒಂದು ಆದೇಶ ಹೊರಡಿಸಿದರು. ಸರ್ಕಾರಿ ಜಮೀನಿನಲ್ಲಿ ಇಂಥ ವಾಹನ ಎಲ್ಲಿ ಓಡಬಹುದು, ಎಲ್ಲಿ ಓಡಬಾರದು ಎಂದು ಆಯಾ ಇಲಾಖೆ ಗುರುತಿಸಿ ನಿಯಮ ಮಾಡಬೇಕು. 1977ರಲ್ಲಿ ಅಧ್ಯಕ್ಷ ಕಾರ್ಟರ್ ಇದನ್ನು ಬಿಗಿ ಮಾಡಿದರು: ಹಾನಿ ಕಂಡಲ್ಲಿ ಕೂಡಲೇ ಮುಚ್ಚಬೇಕು. ಹ್ಯಾಟರಸ್‌ನಲ್ಲಿ 1978ರಲ್ಲಿ ಒಂದು ಕರಡು ಯೋಜನೆ ತಯಾರಾಯಿತು. ಅದು ನಿಯಮವಾಗಿ ಪ್ರಕಟವಾಗಲೇ ಇಲ್ಲ. ವರ್ಷದಿಂದ ವರ್ಷಕ್ಕೆ ಅಧಿಕಾರಿಗಳು ತಮ್ಮ ವಿವೇಚನೆಯಂತೆ ಹಗ್ಗ ಕಟ್ಟಿ, ಫಲಕ ನೆಟ್ಟು ಕಾಲ ತಳ್ಳಿದರು. ಆಗ ಬರುತ್ತಿದ್ದ ಗಾಡಿಗಳ ಸಂಖ್ಯೆಗೆ ಹದವಾದ ಕಟ್ಟಳೆ ಹಾಕಿದ್ದರೆ ಯಾರಿಗೂ ಅಷ್ಟಾಗಿ ನೋಯುತ್ತಿರಲಿಲ್ಲ. ಮುಂದೆ ಬಿದ್ದ ಪೆಟ್ಟು ಜೋರಾಗಿದ್ದುದಕ್ಕೆ ಈ ಮೂವತ್ತು ವರ್ಷದ ಮೌನವೇ ದೊಡ್ಡ ಕಾರಣ ಎನ್ನಬೇಕು.

ಪೆಟ್ಟಿಗೆ ನಿಮಿತ್ತವಾದದ್ದು ಗುಬ್ಬಚ್ಚಿಗಿಂತ ಸ್ವಲ್ಪ ದೊಡ್ಡದಾದ ಒಂದು ಹಕ್ಕಿ, ಪೈಪಿಂಗ್ ಪ್ಲವರ್. ನಮ್ಮ ಹೊಲಗಳ ಟಿಟ್ಟಿಭದ ದೂರದ ಬಂಧು. ಟಿಟ್ಟಿಭದಂತೆಯೇ ಇದೂ ಗೂಡು ಕಟ್ಟುವುದಿಲ್ಲ. ಬಯಲು ಮರಳಿನಲ್ಲಿ ಒಂದು ಸಣ್ಣ ಗುಳಿ ಕೆದಕಿ ನಾಲ್ಕು ಮೊಟ್ಟೆಯಿಡುತ್ತದೆ. ಮೊಟ್ಟೆಯ ಬಣ್ಣ, ಹಕ್ಕಿಯ ಬಣ್ಣ, ಒಣ ಮರಳಿನ ಬಣ್ಣ ಎಲ್ಲ ಒಂದೇ. ಪಂಚತಂತ್ರದ ಟಿಟ್ಟಿಭ ದಂಪತಿ ಕಡಲದಂಡೆಯಲ್ಲಿ ಮೊಟ್ಟೆಯಿಟ್ಟು, ಸಮುದ್ರ ಅದನ್ನು ಎಳೆದುಕೊಂಡಾಗ ಗರುಡನವರೆಗೂ ದೂರು ಒಯ್ದ ಕಥೆ ಎಲ್ಲರಿಗೂ ಗೊತ್ತು. ಇಲ್ಲಿಯ ಹಕ್ಕಿಗೆ ಸಮುದ್ರದ ಜೊತೆ ಚಕ್ರದ ಭಯವೂ ಸೇರಿತು. ಮರಿಗಳು ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ನಡೆಯುತ್ತವೆ. ತಾಯಿ ತಂದೆ ತಿನ್ನಿಸುವುದಿಲ್ಲ. ಅವೇ ದಿಬ್ಬದ ಬುಡದಿಂದ ಅಲೆಯ ಅಂಚಿಗೆ ಓಡಿ ಹುಳು ಹೆಕ್ಕಬೇಕು. ಗಾಡಿಗಳು ಓಡುವುದು ಸರಿಯಾಗಿ ಇವೆರಡರ ನಡುವೆ. ಇನ್ನೊಂದು ದುರದೃಷ್ಟ, ಅಪಾಯ ಕಂಡರೆ ಈ ಮರಿ ಓಡುವುದಿಲ್ಲ, ನೆಲಕ್ಕೆ ಅಂಟಿಕೊಂಡು ಅಲ್ಲಾಡದೆ ಕೂರುತ್ತದೆ. ನರಿಯ ಕಣ್ಣಿಗೆ ಮಣ್ಣೆರಚಲು ಇದು ಸಾಕು. ಚಕ್ರಕ್ಕೆ ಕಣ್ಣಿಲ್ಲ.

ಆಮೆಯ ಕಷ್ಟ ರಾತ್ರಿಯದು. ತಾಯಿ ಆಮೆ ಕತ್ತಲಲ್ಲಿ ಮರಳೇರುತ್ತದೆ; ಬೆಳಕು, ಸದ್ದು ಕಂಡರೆ ಮೊಟ್ಟೆಯಿಡದೆ ಹಿಂದಿರುಗುವುದುಂಟು. ಸುಮಾರು ಎರಡು ತಿಂಗಳ ನಂತರ ಮರಿಗಳು ರಾತ್ರಿಯೇ ಮೇಲೆ ಬಂದು, ಹೆಚ್ಚು ಬೆಳಕಿರುವ ದಿಕ್ಕಿಗೆ ಹೊರಡುತ್ತವೆ. ಕಾಲಾನುಕಾಲದಿಂದ ಆ ಬೆಳಕು ಕಡಲಿನ ಮೇಲಿನದಾಗಿತ್ತು. ಗಾಡಿಯ ದೀಪ ಕಂಡರೆ ದಾರಿ ತಪ್ಪುತ್ತವೆ. ಗಾಲಿಯ ಜಾಡು ಅವಕ್ಕೆ ಕಂದಕದಂತೆ. ಒಮ್ಮೆ ಅದರೊಳಗೆ ಬಿದ್ದ ಮರಿ ಗೋಡೆ ಹತ್ತಲಾರದೆ ಜಾಡಿನ ಉದ್ದಕ್ಕೂ ಹೋಗುತ್ತಲೇ ಇರುತ್ತದೆ, ಏಡಿಗೋ ಹಕ್ಕಿಗೋ ತುತ್ತಾಗುವವರೆಗೆ. ಉಡುಪಿ, ಉತ್ತರ ಕನ್ನಡದ ದಂಡೆಗಳಲ್ಲಿ ಚಳಿಗಾಲಕ್ಕೆ ಮೊಟ್ಟೆಯಿಡುವ ಆಲಿವ್ ರಿಡ್ಲೆ ಆಮೆಯ ಮರಿಗಳಿಗೂ ಇದೇ ಸ್ವಭಾವ.

ಹ್ಯಾಟರಸ್‌ನಲ್ಲಿ 1989ರಲ್ಲಿ 15 ಜೋಡಿ ಪ್ಲವರ್ ಇದ್ದವು. 2000ದ ದಶಕದ ಮೊದಲ ವರ್ಷಗಳಲ್ಲಿ ಅದು ಎರಡು ಮೂರು ಜೋಡಿಗೆ ಇಳಿಯಿತು. 2007ರಲ್ಲಿ ತೀರದಲ್ಲಿ ಅಜಾಗರೂಕತೆಯಿಂದ ಗಾಡಿ ಓಡಿಸಿದವನೊಬ್ಬನ ಪ್ರಕರಣ ಫೆಡರಲ್ ನ್ಯಾಯಾಧೀಶ ಟೆರೆನ್ಸ್ ಬಾಯ್ಲ್ ಅವರ ಮುಂದೆ ಬಂತು. ಅವರು ಎತ್ತಿದ ಪ್ರಶ್ನೆ ಆಡಳಿತದ ಬುಡಕ್ಕೇ ಬಿತ್ತು: ನಿಯಮವೇ ಇಲ್ಲದ ಮೇಲೆ ಇಲ್ಲಿ ಯಾರಾದರೂ ಗಾಡಿ ಓಡಿಸುವುದೇ ಅಕ್ರಮವಲ್ಲವೇ? ಅದೇ ಅಕ್ಟೋಬರ್‌ನಲ್ಲಿ ಆಡುಬಾನ್ ಸೊಸೈಟಿ ಮತ್ತು ಡಿಫೆಂಡರ್ಸ್ ಆಫ್ ವೈಲ್ಡ್‌ಲೈಫ್ ಸಂಸ್ಥೆಗಳು ದಾವೆ ಹೂಡಿದವು. 2008ರ ಏಪ್ರಿಲ್ 30ರಂದು ರಾಜಿ ಡಿಕ್ರಿ ಆಯಿತು. ಬೇಸಿಗೆಯ ತಿಂಗಳುಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಂದ್. ಪ್ಲವರ್ ಮರಿಗಳಿರುವಲ್ಲಿ 1000 ಮೀಟರ್ ದೂರದವರೆಗೆ ವಾಹನ ಬರಕೂಡದು. ಅಂದರೆ ಒಂದೇ ಹಕ್ಕಿ ಸಂಸಾರಕ್ಕೆ ಎರಡೂ ಕಡೆ ಸೇರಿ ಎರಡು ಕಿಲೋಮೀಟರ್ ದಂಡೆ. ಹಾರಲು ಕಲಿಯುವವರೆಗೆ, ತಿಂಗಳ ಕಾಲ. ಇನ್ನೊಂದು ಷರತ್ತು ವಿಚಿತ್ರವಾಗಿತ್ತು. ಯಾರಾದರೂ ಬೇಕೆಂದೇ ಹಗ್ಗ ಕಿತ್ತರೆ, ಬೇಲಿ ದಾಟಿದರೆ, ಮುಚ್ಚಿದ ಜಾಗ ಮೊದಲ ಸಲ 50 ಮೀಟರ್, ಎರಡನೆಯ ಸಲ 100, ಮೂರನೆಯ ಸಲ 500 ಮೀಟರ್ ಹಿಗ್ಗುತ್ತದೆ. ಒಬ್ಬನ ಪುಂಡಾಟಕ್ಕೆ ಊರಿಗೆಲ್ಲ ದಂಡ!

ಹಳ್ಳಿಗಳು ಕೆರಳಿದವು. ಪ್ಲವರ್ ಮಾಂಸ ಕೋಳಿಯ ರುಚಿ ಎಂದು ಬರೆದ ಚೀಟಿಗಳು ಗಾಡಿಗಳ ಹಿಂದೆ ಅಂಟಿದವು. ಕೊಂಕು ಒಂದೆಡೆ ಇರಲಿ, ಅವರ ವಾದದಲ್ಲಿ ಹುರುಳಿರಲಿಲ್ಲ ಎನ್ನಲಾಗದು. ಮರಿಗಳನ್ನು ಹೆಚ್ಚಾಗಿ ಕೊಲ್ಲುವುದು ನರಿ, ರಕೂನ್, ಬಿರುಗಾಳಿ. ಗಾಡಿಯ ಪಾಲು ಎಷ್ಟು ಎಂದು ಅವರು ಕೇಳಿದರು. ಗಾಳ ಹಾಕುವವರಿಗೆ ಹೆಸರಾದ ಭೂಶಿರದ ತುದಿ ವ್ಯಾಪಾರದ ಋತುವಿನಲ್ಲೇ ಮುಚ್ಚಿದಾಗ ಅಂಗಡಿಯವನ ವರ್ಷದ ಗಳಿಕೆಗೆ ಕತ್ತರಿ ಬಿತ್ತು. ಮಂಡಿ ನೋವಿನ ಮುದುಕರು, ಸಣ್ಣ ಮಕ್ಕಳ ತಾಯಂದಿರು ಸುಡುವ ಮರಳಿನಲ್ಲಿ ಅಷ್ಟು ದೂರ ಸಾಮಾನು ಹೊತ್ತು ನಡೆಯುವುದು ಹೇಗೆ? ಎಲ್ಲಕ್ಕಿಂತ ಹೆಚ್ಚಾಗಿ, ಅಜ್ಜನ ಕಾಲದಿಂದ ಓಡಾಡಿದ ದಾರಿಗೆ ಹೊರಗಿನವರು ಬಂದು ಅಪ್ಪಣೆ ಚೀಟಿ ಕೇಳುವುದು ಅವಮಾನ ಎನಿಸಿತು. ಎದುರು ವಾದ ಸರಳವಾಗಿತ್ತು. ಅಜ್ಜ ಓಡಿಸಿದ್ದು ಹಳ್ಳಿಗೊಂದೆರಡು ಗಾಡಿ. ಈಗ ರಜಾದಿನದಲ್ಲಿ ನೂರಾರು ಗಾಡಿ ಸಾಲುಗಟ್ಟುತ್ತವೆ. ಈ ಬಹುಪಾಲು ಗಾಡಿಗಳು ಆ ಅಜ್ಜನ ಮೊಮ್ಮಕ್ಕಳದಲ್ಲ. ನಡೆದು ಬರುವವನಿಗೂ ಒಂದಷ್ಟು ನೆಮ್ಮದಿಯ ದಂಡೆ ಬೇಡವೇ?

ಮಾತುಕತೆಯಲ್ಲೇ ಬಗೆಹರಿಸಲು ಮೀನು ಹಿಡಿಯುವವರು, ವ್ಯಾಪಾರಿಗಳು, ಪಕ್ಷಿಪ್ರೇಮಿಗಳು ಸೇರಿದ ಸುಮಾರು 30 ಜನರ ಸಮಿತಿಯೊಂದು 2008ರಿಂದ 2009ರವರೆಗೆ ಕೂತಿತು. ಒಮ್ಮತ ಹುಟ್ಟಲಿಲ್ಲ. ಕೊನೆಗೆ ಪಾರ್ಕ್ ಸರ್ವಿಸ್ ತಾನೇ ನಿಯಮ ಬರೆದು 2012ರ ಫೆಬ್ರವರಿ 15ರಿಂದ ಜಾರಿಗೆ ತಂದಿತು. ನಿಕ್ಸನ್ ಆದೇಶಕ್ಕೆ ಆಗ ಭರ್ತಿ ನಲವತ್ತು ವರ್ಷ. ಈ ನಿಯಮ ದಂಡೆಯನ್ನು ಮೂರು ಪಾಲು ಮಾಡಿತು: ಸುಮಾರು 28 ಮೈಲಿಯಲ್ಲಿ ವರ್ಷವಿಡೀ ವಾಹನಕ್ಕೆ ಅವಕಾಶ, 13 ಮೈಲಿಯಲ್ಲಿ ಕೆಲವು ತಿಂಗಳು ಮಾತ್ರ, 26 ಮೈಲಿ ಬರೀ ಕಾಲ್ನಡಿಗೆಯವರಿಗೆ. ಓಡಿಸಬೇಕಾದವರು ವಾರಕ್ಕೆ 50 ಡಾಲರ್, ವರ್ಷಕ್ಕೆ 120 ಡಾಲರ್ ಕೊಟ್ಟು, ಒಂದು ಕಿರುಚಿತ್ರ ನೋಡಿ, ಪರವಾನಗಿ ಪಡೆಯಬೇಕಾಯಿತು. ವೇಗ ಗಂಟೆಗೆ 15 ಮೈಲಿ. ಗಾಡಿಯಲ್ಲಿ ಸಲಿಕೆ, ಜಾಕು, ಚಕ್ರದ ಗಾಳಿ ಅಳೆಯುವ ಮಾಪಕ ಇರಲೇಬೇಕು. ಹಳೆಯ ಬಸ್ಸಿನ ಚಾಲಕರಿಗೆ ಯಾರೂ ಹೇಳಿಕೊಡದೆ ಗೊತ್ತಿದ್ದ ವಿದ್ಯೆ ಹೀಗೆ ಸರ್ಕಾರಿ ಕಾಗದಕ್ಕೆ ಏರಿತು.

ಫಲ? ಪ್ಲವರ್ ಜೋಡಿಗಳು 2011ರ ಹೊತ್ತಿಗೆ ಮತ್ತೆ 15ರ ಆಸುಪಾಸು ಮುಟ್ಟಿದವು. ಆಮೆ ಗೂಡುಗಳು 2007ರಲ್ಲಿ 82 ಇದ್ದದ್ದು 2010ರಲ್ಲಿ 153 ಆದವು, 2019ರಲ್ಲಿ 450 ದಾಟಿದವು. ಆ ವರ್ಷ ಆಗ್ನೇಯ ಅಮೆರಿಕದ ತೀರದುದ್ದಕ್ಕೂ ಆಮೆಗಳು ಹೆಚ್ಚಿದ್ದವು, ಹಾಗಾಗಿ ಹಿರಿಮೆಯನ್ನೆಲ್ಲ ಈ ನಿಯಮಕ್ಕೇ ಕಟ್ಟುವುದು ಸರಿಯಲ್ಲ. ಹಳ್ಳಿಗರೂ ಸುಮ್ಮನಿರಲಿಲ್ಲ. 2014ರ ಡಿಸೆಂಬರ್‌ನಲ್ಲಿ ಸಂಸತ್ತು ರಕ್ಷಣಾ ವೆಚ್ಚದ ಕಾನೂನಿನೊಳಗೇ ಒಂದು ಕಲಮು ಸೇರಿಸಿ, ಕಾಯ್ದಿಟ್ಟ ದೂರಗಳನ್ನು ಮರುಪರಿಶೀಲಿಸುವಂತೆ ಪಾರ್ಕ್ ಸರ್ವಿಸ್‌ಗೆ ಹೇಳಿತು. ನಂತರ ಕೆಲವು ದೂರಗಳು ಕುಗ್ಗಿದವು. ಪ್ಲವರ್ ಮರಿಗಳು ಸೇನೆಯ ಬಜೆಟ್ಟಿನಲ್ಲಿ ಜಾಗ ಪಡೆದ ಸಂದರ್ಭ ಬಹುಶಃ ಇದೊಂದೇ ಇರಬೇಕು.

ಇಷ್ಟೆಲ್ಲ ಅಳೆದು ಸುರಿಯುವ ಗೋಜೇ ಬೇಡ ಎಂದ ದೇಶವೂ ಇದೆ. ದಕ್ಷಿಣ ಆಫ್ರಿಕಾ 2002ರ ಜನವರಿಯಿಂದ ತನ್ನ ತೀರಗಳಲ್ಲಿ ವಿನೋದಕ್ಕಾಗಿ ವಾಹನ ಓಡಿಸುವುದನ್ನೇ ನಿಷೇಧಿಸಿತು. ದೋಣಿ ಇಳಿಸುವವರು, ಅಂಗವಿಕಲರು ಮುಂತಾದವರಿಗೆ ಅನುಮತಿಯ ದಾರಿ ಬಿಟ್ಟಿತು. ಅಲ್ಲಿಯೂ ಪ್ರವಾಸಿಗಳನ್ನೇ ನಂಬಿದ ಊರುಗಳು ನಷ್ಟವಾಯಿತೆಂದು ಕೂಗಿದವು. ಮರಳಿನಲ್ಲೇ ಮೊಟ್ಟೆಯಿಡುವ ಕಪ್ಪು ಆಯ್ಸ್ಟರ್‌ಕ್ಯಾಚರ್ ಹಕ್ಕಿ ಮಾತ್ರ ಆಮೇಲೆ ಚೆನ್ನಾಗಿ ಚೇತರಿಸಿಕೊಂಡಿತು. ನಿಷೇಧಕ್ಕೆ ಒಂದು ಅನುಕೂಲ ಉಂಟು: ಕಾವಲುಗಾರನಿಗೆ ಅಳತೆಪಟ್ಟಿ ಬೇಕಿಲ್ಲ. ಹ್ಯಾಟರಸ್‌ನಂತೆ ದಂಡೆಯೇ ಹಳ್ಳಿಯ ಬದುಕಾಗಿರುವಲ್ಲಿ ಅದನ್ನು ಹೇರುವುದು ಸುಲಭವಲ್ಲ.

ಹ್ಯಾಟರಸ್‌ನ ಟಾರು ರಸ್ತೆಗೇ ಈಗ ನೆಲೆ ತಪ್ಪುತ್ತಿದೆ. ಈ ದ್ವೀಪಗಳು ಗಾಳಿ ಅಲೆಗಳಿಗೆ ಸಿಕ್ಕಿ ಸದಾ ಜರುಗುವಂಥವು. ಬಿರುಗಾಳಿ ಬಂದಾಗಲೆಲ್ಲ ಸಮುದ್ರ ರಸ್ತೆಯನ್ನು ಕೊಚ್ಚುತ್ತದೆ, ಇಲ್ಲವೇ ಮರಳಿನಡಿ ಹೂಳುತ್ತದೆ. 2022ರಲ್ಲಿ ರೊಡಾಂಥೆ ಬಳಿ ದಂಡೆಯ ಸಹವಾಸವೇ ಬೇಡವೆಂದು ಸುಮಾರು 4 ಕಿಲೋಮೀಟರ್ ಉದ್ದದ ಸೇತುವೆ ಕಟ್ಟಿ ರಸ್ತೆಯನ್ನು ಹಿನ್ನೀರಿನ ಮೇಲೆ ಸಾಗಿಸಲಾಯಿತು. ರೊಡಾಂಥೆ, ಬಕ್ಸ್‌ಟನ್ ಹಳ್ಳಿಗಳಲ್ಲಿ 2020ರಿಂದೀಚೆಗೆ ಹತ್ತಕ್ಕೂ ಹೆಚ್ಚು ಮನೆಗಳು ಕಡಲಿಗೆ ಕುಸಿದಿವೆ. ಹಲಗೆ, ಮೊಳೆ, ಗಾಜು ಮೈಲಿಗಟ್ಟಲೆ ಹರಡಿಕೊಂಡಾಗ ಪಾರ್ಕ್ ಸರ್ವಿಸ್ ಆ ಭಾಗದ ದಂಡೆಯನ್ನು ಮುಚ್ಚುತ್ತದೆ. ಆಗ ಪರವಾನಗಿ ಇರುವ ಜೀಪಿಗೂ ಅಲ್ಲಿ ಪ್ರವೇಶವಿಲ್ಲ, ಬರಿಗಾಲಿನಲ್ಲಿ ಬರುವವನಿಗೂ ಇಲ್ಲ.